ಹೊತ್ತು ಹೋಗದ ಕಾಯಿಲೆ



ಆಸ್ಪತ್ರೆಯಲ್ಲಿ ಓ.ಟಿ. ಎಂದರೆ ಏನು? ಯಾರನ್ನೇ ಕೇಳಿ, ಆಪರೇಷನ್ ಥಿಯೇಟರ್ ಎನ್ನುತ್ತಾರೆ. ನಾನು ಮಾಡುವ ಕೆಲಸದ ಹೆಸರೂ ಓ.ಟಿ.ಯೇ. ಆಕ್ಯುಪೇಷನಲ್ ಥೆರಪಿ. ಈ ಎರಡಕ್ಷರದಿಂದ ಆಗಿರುವ ಫಜೀತಿ ಅಷ್ಟಿಷ್ಟಲ್ಲ. ಒಮ್ಮೆ ಮಾನಸಿಕ ಚಿಕಿತ್ಸೆಯ ವಾರ್ಡಿನಿಂದ ಒಬ್ಬ ಹುಡುಗನನ್ನು ನನ್ನ ಹತ್ತಿರ ಕಳಿಸಿದರು. ಚೀಟಿಯಲ್ಲಿ ಬರೀ ‘ಓ.ಟಿ.’ ಎಂದಿತ್ತು. ಜೊತೆಗೆ ಬಂದ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು. “ತಲೆ ಆಪರೇಷನ್ನಾ ಮೇಡಮ್ಮೋರೆ? ಬೆಳಿಗ್ಗೆ ಎರಡು ಇಡ್ಲಿ ತಿನ್ನಿಸಿಬಿಟ್ಟಿದ್ದೀನಲ್ಲ!” ಎಂದು ಅಳತೊಡಗಿದರು. ಕೋಣೆಯೊಳಗೆ ಕತ್ತರಿ ಇದ್ದದ್ದು ನಿಜ. ಆದರೆ ಅದು ಬಾಳೆನಾರು ಕತ್ತರಿಸುವ ಕತ್ತರಿ. ಆವತ್ತು ನಾವು ಹೂ ಕಟ್ಟುತ್ತಿದ್ದೆವು.

ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆ ಎಂದು ಬರೆಯುತ್ತಾರೆ. ಅದು ಇನ್ನೊಂದು ಫಜೀತಿ. ಉದ್ಯೋಗ ಕೊಡಿಸುವ ಕಚೇರಿ ಎಂದುಕೊಂಡು ಅಂಕಪಟ್ಟಿ ಹಿಡಿದು ಬಂದವರೂ ಇದ್ದಾರೆ. ಆದ್ದರಿಂದ ಹೆಸರನ್ನು ಬದಿಗಿಡೋಣ. ಆ ತಾಯಿ ಕಣ್ಣೊರೆಸಿಕೊಂಡ ಮೇಲೆ ಹೇಳಿದ ಮಾತನ್ನು ಹಿಡಿಯೋಣ.

“ಮಾತ್ರೆ ಶುರುವಾದ ಮೇಲೆ ಕಿರುಚಾಟ ನಿಂತಿದೆ. ಕಿವೀಲಿ ಯಾರೋ ಮಾತಾಡ್ತಾರೆ ಅನ್ನೋದೂ ಇಲ್ಲ. ರಾತ್ರಿ ನಿದ್ದೆ ಮಾಡ್ತಾನೆ. ಆದರೆ ಹಗಲೆಲ್ಲ ಗೋಡೆಗೆ ಒರಗಿ ಕೂತಿರ್ತಾನೆ. ಅವನಿಗೆ ಹೊತ್ತೇ ಹೋಗಲ್ಲ.”

ಹೊತ್ತೇ ಹೋಗಲ್ಲ. ಕೇಳುಗರೇ, ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ಸ್ಕಿಜೋಫ್ರೇನಿಯಾದಂಥ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಗೆ, ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ. ಓದು ಮುಗಿಸುವ, ಕಸುಬು ಕಲಿಯುವ, ಮದುವೆಯ ಮಾತಾಡುವ ವಯಸ್ಸು ಅದು. ಕಿವಿಯಲ್ಲಿ ಕೇಳುವ ದನಿ, ಸುಮ್ಮಸುಮ್ಮನೆ ಅನುಮಾನ, ಇವುಗಳಿಗೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹುರುಪು ಬತ್ತಿಹೋಗುವುದು, ಏಳಲು ಮನಸ್ಸಿಲ್ಲದಿರುವುದು, ಯಾರ ಜೊತೆಗೂ ಬೇಡ ಅನ್ನಿಸುವುದು, ಇವುಗಳ ಮೇಲೆ ಮಾತ್ರೆಯ ಪ್ರಭಾವ ಕಡಿಮೆ. ಗಲಾಟೆ ಹೋದ ಮೇಲೆ ಖಾಲಿ ಹಗಲು ಉಳಿಯುತ್ತದೆ. ಆ ಹಗಲನ್ನು ಮತ್ತೆ ತುಂಬಿಸುವುದೇ ನಮ್ಮ ಕಸುಬು. ಮಾತ್ರೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಯಾರೂ ತಪ್ಪು ತಿಳಿಯಬಾರದು. ಮಾತ್ರೆ ನೆಲ ಹದ ಮಾಡಿಕೊಡುತ್ತದೆ. ಬಿತ್ತನೆ ಬೇರೆಯೇ ಕೆಲಸ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕಾಯಿಲೆ ಹೊತ್ತನ್ನು ಕದಿಯುತ್ತದೆ. ಓ.ಟಿ. ಅದನ್ನು ಹಿಂದಕ್ಕೆ ತರಲು ನೋಡುತ್ತದೆ. ಹೇಗೆ ತರುತ್ತದೆ? ಅದಕ್ಕೆ ಆವತ್ತಿನ ಹೂವಿನ ಬುಟ್ಟಿಗೇ ಬರೋಣ.

ಮಲ್ಲಿಗೆ ಕಟ್ಟುವುದು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದವರು ಕಣ್ಣು ಮುಚ್ಚಿ ಕೇಳಿ. ಬಾಳೆನಾರನ್ನು ನೀರಲ್ಲಿ ನೆನೆಸಿಟ್ಟುಕೊಳ್ಳಬೇಕು. ಒಣಗಿದರೆ ಪಟಕ್ಕೆಂದು ಹರಿಯುತ್ತದೆ. ಎಡಗೈಯಲ್ಲಿ ಎರಡು ಮೊಗ್ಗು, ತೊಟ್ಟು ಒಳಕ್ಕೆ. ಅದಕ್ಕೆ ಎದುರಾಗಿ ಇನ್ನೆರಡು ಮೊಗ್ಗು. ನಾಲ್ಕರ ತೊಟ್ಟೂ ನಡುವೆ ಕೂಡಬೇಕು. ನಾರನ್ನು ಒಂದು ಸುತ್ತು ಸುತ್ತಿ, ಕುಣಿಕೆ ಮಾಡಿ, ಎಳೆಯಬೇಕು. ಜೋರಾಗಿ ಎಳೆದರೆ ತೊಟ್ಟು ಕತ್ತರಿಸುತ್ತದೆ. ಸಡಿಲ ಬಿಟ್ಟರೆ ಮುಡಿಯುವ ಮೊದಲೇ ಹೂ ಉದುರುತ್ತದೆ.

ನಮ್ಮ ಅಜ್ಜಿಯರು ಇದನ್ನು ಹರಟೆ ಹೊಡೆಯುತ್ತಲೇ ಮಾಡುತ್ತಿದ್ದರು. ಆದರೆ ಆರು ತಿಂಗಳಿಂದ ಗೋಡೆಗೆ ಒರಗಿ ಕೂತವರಿಗೆ ಇದು ಬೆಟ್ಟ ಹತ್ತಿದ ಹಾಗೆ. ಒಂದು ಮೊಳ ಹೂವಿನಲ್ಲಿ ಎಷ್ಟು ಕೆಲಸ ಅಡಗಿದೆ ನೋಡಿ. ಎಣಿಕೆ ಇದೆ. ಎರಡು ಕೈಗಳ ಹೊಂದಾಣಿಕೆ ಇದೆ. ಎಷ್ಟು ಎಳೆಯಬೇಕು ಎಂಬ ಅಂದಾಜಿದೆ. ಮಾಡಿದ್ದನ್ನೇ ಮತ್ತೆ ಮಾಡುವ ತಾಳ್ಮೆ ಇದೆ. ಮೊಗ್ಗು ಮುಗಿದರೆ ಪಕ್ಕದವರನ್ನು ಕೇಳಬೇಕು. ಅಂದರೆ ಬಾಯಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಕು ಎಂದು ನಿರ್ಧರಿಸಿ ಕೊನೆಯ ಗಂಟು ಹಾಕಬೇಕು. ಒಂದು ಕೆಲಸವನ್ನು ಹೀಗೆ ಎಳೆ ಎಳೆಯಾಗಿ ಬಿಡಿಸಿ ನೋಡುವುದು ನಮ್ಮ ವಿದ್ಯೆಯ ಮೊದಲ ಪಾಠ.

ಬಿಡಿಸಿ ನೋಡಿದ ಮೇಲೆ ಮೆಟ್ಟಿಲು ಕಟ್ಟುತ್ತೇವೆ. ಮೊದಲ ದಿನ ಎಲೆ, ಕಸ ಬೇರೆ ಮಾಡಿ ಮೊಗ್ಗು ಆರಿಸಿದರೆ ಸಾಕು. ಮಾರನೆಯ ದಿನ ಪಕ್ಕದವರಿಗೆ ಎರಡೆರಡು ಮೊಗ್ಗು ಜೋಡಿಸಿ ಕೊಡುವುದು. ಆಮೇಲೆ ನಾಲ್ಕೇ ಗಂಟು. ವಾರ ಕಳೆದ ಮೇಲೆ ಒಂದು ಗೇಣು. ಕೆಲವರಿಗೆ ಈ ಮೆಟ್ಟಿಲುಗಳು ಬೇಕಾಗುವುದೇ ಇಲ್ಲ. ಕೆಲವರು ಮೊದಲ ಮೆಟ್ಟಿಲಲ್ಲೇ ತಿಂಗಳು ಕೂರುತ್ತಾರೆ. ನಾನು ಸುಮ್ಮನೆ ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿರುತ್ತೇನೆ. ನೋಡಿದವರು ಸಂಬಳ ತಗೊಂಡು ಹೂ ಕಟ್ಟುತ್ತಾಳೆ ಎನ್ನಬಹುದು. ಅಂದಿದ್ದಾರೆ ಕೂಡ. ಆದರೆ ನನ್ನ ಕಣ್ಣು ಎದುರಿನವರ ಕೈ ಮೇಲೆ ಇರುತ್ತದೆ. ಎಷ್ಟು ಹೊತ್ತಿಗೆ ಗಮನ ಚದುರಿತು? ಉದುರಿದ ಮೊಗ್ಗನ್ನು ನೋಡಿದರೇ? ತಪ್ಪಿದ ಗಂಟನ್ನು ಬಿಚ್ಚಿದರೇ, ಇಲ್ಲ ಮಾಲೆಯನ್ನೇ ಕೆಳಗಿಟ್ಟರೇ? ಸಂಜೆ ಇದೆಲ್ಲ ದಾಖಲೆಗೆ ಹೋಗುತ್ತದೆ. ಕತ್ತರಿಗಳನ್ನು ಎಣಿಸಿ ಬೀರುವಿನಲ್ಲಿ ಬೀಗ ಹಾಕಿದ ಮೇಲೆಯೇ ನಾವು ಮನೆಗೆ ಹೊರಡುವುದು.

ಈಗ ಎರಡು ಮಾತಾಯಿತು. ಕಳೆದುಹೋದ ಹೊತ್ತು ಒಂದು. ಕೆಲಸವನ್ನು ಬಿಡಿಸಿ, ಮೆಟ್ಟಿಲು ಮಾಡಿ ಅದನ್ನು ಹಿಂದಕ್ಕೆ ತರುವುದು ಇನ್ನೊಂದು. ಈ ಯೋಚನೆ ಎಲ್ಲಿಂದ ಬಂತು ಎಂದು ಸ್ವಲ್ಪ ನೋಡಿಬಿಡೋಣ. ಬೇಗ ಮುಗಿಸುತ್ತೇನೆ.

ಅಮೆರಿಕದಲ್ಲಿ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಇದ್ದರು. ಕ್ಷಯ ಬಂತು. ಕಾಲಿನ ಬೆರಳು ಕತ್ತರಿಸಬೇಕಾಯಿತು. ಎಡಭಾಗಕ್ಕೆ ಲಕ್ವ ಹೊಡೆಯಿತು. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಲ್ಲಿ ಮನೆ ಮಾಡಿ, ತೋಟ, ಮರಗೆಲಸ ಮಾಡುತ್ತ ಕೈಕಾಲು ತಿರುಗಿ ಪಡೆಯಲು ಹೊರಟರು. 1917ರ ಮಾರ್ಚಿನಲ್ಲಿ ಅದೇ ಮನೆಯಲ್ಲಿ ಆರು ಜನ ಸೇರಿ ಒಂದು ಸಂಘ ಕಟ್ಟಿದರು. ಈ ವೃತ್ತಿ ಅಲ್ಲಿ ಹುಟ್ಟಿತು. ಆ ಆರರಲ್ಲಿ ಎಲೀನರ್ ಕ್ಲಾರ್ಕ್ ಸ್ಲ್ಯಾಗಲ್ ಎಂಬ ಹೆಂಗಸು ಒಬ್ಬರು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮನೋರೋಗಿಗಳಿಗೆ ಅವರು ಬೆಳಗಿನಿಂದ ರಾತ್ರಿಯವರೆಗೆ ದಿನಚರಿ ಹಾಕಿಕೊಟ್ಟರು. ಏಳುವುದು, ತಲೆ ಬಾಚುವುದು, ಉಣ್ಣುವುದು, ನಡೆದಾಡುವುದು, ಕೈಗೆಲಸ, ಆಟ. ಅಭ್ಯಾಸವೇ ಔಷಧಿ ಎಂಬುದು ಅವರ ನಂಬಿಕೆ. ಬಾಲ್ಟಿಮೋರಿನ ಮನೋವೈದ್ಯ ಅಡಾಲ್ಫ್ ಮೇಯರ್ 1921ರಲ್ಲಿ ಇದೇ ಸಂಘದ ಸಭೆಯಲ್ಲಿ ಒಂದು ಪ್ರಬಂಧ ಓದಿದರು. ಕೆಲಸ, ಆಟ, ವಿಶ್ರಾಂತಿ, ನಿದ್ದೆ, ಈ ನಾಲ್ಕರ ಲಯ ತಪ್ಪಿದಾಗ ಬದುಕು ತಪ್ಪುತ್ತದೆ ಎಂಬುದು ಅದರ ಸಾರ. ಅವರೂ ಹೊತ್ತಿನ ಬಗ್ಗೆಯೇ ಮಾತಾಡಿದ್ದು. ನಮ್ಮ ಆ ತಾಯಿ ಮೇಯರರ ಹೆಸರು ಕೇಳಿದವರಲ್ಲ, ಅಷ್ಟೇ.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿ ಆಗಿ. ಮದುವೆಯಾಗಿ ಇಲ್ಲಿಗೆ ಬಂದು ಕಮಲಾ ಆದರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆದರು. ಎರಡು ವರ್ಷದ ನಂತರ ಈ ವೃತ್ತಿಯವರ ವಿಶ್ವ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ಇತಿಹಾಸ ಇಷ್ಟು ಸಾಕು. ಹೊತ್ತಿಗೆ ಆಕಾರ ಕೊಡಬೇಕು ಎಂಬ ಯೋಚನೆ ನೂರು ವರ್ಷದ್ದು ಎಂದು ಗೊತ್ತಾಯಿತಲ್ಲ. ಇನ್ನು ಈ ಯೋಚನೆ ದಾರಿ ತಪ್ಪುವುದು ಎಲ್ಲಿ? ಅದಕ್ಕೆ ನನ್ನದೇ ತಪ್ಪೊಂದನ್ನು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತು. ನಮ್ಮ ವಿಭಾಗದಲ್ಲಿ ಮೇಣದ ಬತ್ತಿ ಅಚ್ಚು ಇತ್ತು, ಲಕೋಟೆ ಅಂಟಿಸುವ ಮೇಜು ಇತ್ತು. ಯಾರೇ ಬರಲಿ, ಎರಡರಲ್ಲಿ ಒಂದು. ಸುಮಾರು ನಲವತ್ತು ವಯಸ್ಸಿನವರೊಬ್ಬರು ಬಂದರು. ಲಕೋಟೆ ಮೇಜಿಗೆ ಕೂರಿಸಿದೆ. ಅವರು ಗೋಂದಿನ ಬಟ್ಟಲನ್ನು ನೋಡುತ್ತ ಕೂತಿದ್ದರು. ಹತ್ತು ದಿನವಾದರೂ ಹತ್ತು ಲಕೋಟೆ ಆಗಲಿಲ್ಲ. ನಾನು ದಾಖಲೆಯಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಒಂದು ದಿನ ಎಲ್ಲರನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋಗಿದ್ದೆ. ಕಾಫಿ, ಬನ್ನು, ಬಿಸ್ಕತ್ತು. ಕೌಂಟರಿನ ಹುಡುಗ ಲೆಕ್ಕ ಮಾಡಿ ಚಿಲ್ಲರೆ ಕೊಟ್ಟ. ಹಿಂದಿನಿಂದ ದನಿ ಬಂತು. “ಎಂಟು ರೂಪಾಯಿ ಕಡಿಮೆ ಕೊಟ್ಟಿದ್ದೀಯ.” ತಿರುಗಿ ನೋಡಿದೆ. ಇವರೇ. ಆ ಹತ್ತು ದಿನದಲ್ಲಿ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ಹುಡುಗ ಮತ್ತೆ ಲೆಕ್ಕ ಹಾಕಿದ. ಎಂಟು ರೂಪಾಯಿ ಕಡಿಮೆಯೇ ಇತ್ತು. ನೋಟುಗಳನ್ನು ಅವರ ಕೈಗೆ ಕೊಟ್ಟೆ. ಅವರು ಒಂದೊಂದನ್ನೂ ಉದ್ದಕ್ಕೆ ಮಡಿಸಿದರು. ಎಡಗೈ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡರು. ಹತ್ತು ಒಂದು ಸಂದಿಗೆ, ಇಪ್ಪತ್ತು ಇನ್ನೊಂದಕ್ಕೆ. ಕೇಳುಗರೇ, ಈ ಕೈಯನ್ನು ನೀವೂ ಬಸ್ಸಿನಲ್ಲಿ ನೋಡಿರುತ್ತೀರಿ. ಅವರು ಹದಿನೈದು ವರ್ಷ ಕಂಡಕ್ಟರ್ ಆಗಿದ್ದವರು. ದಾಖಲೆಯ ಮೊದಲ ಪುಟದಲ್ಲೇ ಅದು ಇತ್ತು. ನಾನು ಓದಿರಲಿಲ್ಲ.

ಮಾರನೆಯ ದಿನದಿಂದ ಅವರಿಗೆ ಲಕೋಟೆ ಬಂದ್. ನಮ್ಮ ವಿಭಾಗದವರು ಮಾಡಿದ್ದನ್ನು ಮಾರುವ ಸಣ್ಣ ಅಂಗಡಿಯ ಗಲ್ಲಾ ಅವರದ್ದಾಯಿತು. ಚಿಲ್ಲರೆ ಇಲ್ಲದಿದ್ದರೆ ರಸೀದಿಯ ಹಿಂದೆ ‘3 ರೂ. ಬಾಕಿ’ ಎಂದು ಬರೆದು ಕೊಡುತ್ತಿದ್ದರು. ಡಾಕ್ಟರರನ್ನೂ ಬಿಡಲಿಲ್ಲ. ನಾನು ‘ಆಸಕ್ತಿ ಇಲ್ಲ’ ಎಂದು ಬರೆದ ಪುಟ ಇನ್ನೂ ಆ ಕಡತದಲ್ಲಿ ಇರಬೇಕು.

ಗ್ಯಾರಿ ಕೀಲ್‌ಹಾಫ್‌ನರ್ ಎಂಬ ವಿದ್ವಾಂಸರು 1980ರಲ್ಲಿ, ಮನುಷ್ಯನಿಗೆ ತಕ್ಕ ಕೆಲಸ ಹುಡುಕುವುದಕ್ಕೊಂದು ಚೌಕಟ್ಟು ಹಾಕಿದರು. ಮನಸ್ಸು, ರೂಢಿ, ಸಾಮರ್ಥ್ಯ, ಮೂರನ್ನೂ ಒಟ್ಟಿಗೆ ನೋಡಿ ಎಂದರು. ನಾನು ಆವತ್ತು ಬರೀ ಸಾಮರ್ಥ್ಯ ನೋಡಿದ್ದೆ. ಅದನ್ನೂ ಗೋಂದಿನ ಬಟ್ಟಲಿನಲ್ಲಿ.

ಕೆಲಸ ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಮುಚ್ಚಿಡಬಾರದು. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳು ನೇಯುತ್ತಿದ್ದರು, ತೋಟ ಅಗೆಯುತ್ತಿದ್ದರು. ಅದರಿಂದ ಕೆಲವರಿಗೆ ಗುಣವೂ ಕಂಡಿರಬಹುದು. ಸಂಸ್ಥೆಯ ಖರ್ಚು ತಗ್ಗಿದ್ದಂತೂ ಖಂಡಿತ. ಚಿಕಿತ್ಸೆ ಎಲ್ಲಿ ಮುಗಿಯಿತು, ಬಿಟ್ಟಿ ಚಾಕರಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಈಗ ಕಾನೂನು ಆ ಗೆರೆಯನ್ನು ಎಳೆದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಮಾನಸಿಕ ಚಿಕಿತ್ಸಾ ಕೇಂದ್ರದಲ್ಲಿ ಇರುವವರನ್ನು ಬಲವಂತವಾಗಿ ದುಡಿಸುವಂತಿಲ್ಲ. ದುಡಿದರೆ ತಕ್ಕ ಸಂಭಾವನೆ ಕೊಡಬೇಕು. ಅಂದರೆ ಹೂ ಕಟ್ಟು ಎಂದು ನಾನು ಕೇಳಬಹುದು. ಕಟ್ಟಲ್ಲ ಎನ್ನಲು ಅವರಿಗೆ ಹಕ್ಕಿದೆ. ಆ ‘ಕಟ್ಟಲ್ಲ’ವನ್ನೂ ನಾನು ಚೇತರಿಕೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಇಂಥ ಕೆಲಸ ನಡೆಯುವ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬಗ್ಗೆ ನೀವು ಕೇಳಿಯೇ ಇದ್ದೀರಿ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಒಂದು ಸಂಶೋಧನಾ ಸಂಸ್ಥೆ ಕೂಡಿ 1974ರಲ್ಲಿ ಅದು ಈಗಿನ ರೂಪಕ್ಕೆ ಬಂತು. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಬೇಕರಿ ಇದೆ, ಹೊಲಿಗೆ ಇದೆ, ಮರಗೆಲಸ ಇದೆ. ಚೇತರಿಸಿಕೊಳ್ಳುತ್ತಿರುವವರು ಸೇರಿ ನಡೆಸುವ ಕೆಫೆಯೂ ಇದೆ. ಹೊಸೂರು ರಸ್ತೆಯ ಕಡೆ ಹೋದಾಗ ಒಂದು ಕಾಫಿ ಕುಡಿದು ಬನ್ನಿ.

ಇಷ್ಟು ಹೊತ್ತು ಆಸ್ಪತ್ರೆಯ ಮಾತಾಯಿತು. ಕೆಲಸ ಆ ಮನುಷ್ಯನಿಗೆ ಹೊಂದಬೇಕು, ಬಲವಂತ ಕೂಡದು ಎಂದೆ. ಈಗ ಮನೆಗೆ ಬರೋಣ. ನಿಜವಾದ ಪರೀಕ್ಷೆ ಇರುವುದು ಅಡುಗೆಮನೆಯಲ್ಲಿ.

ಮನೆಯವರಲ್ಲಿ ಎರಡು ಬಗೆ. ಒಬ್ಬರು, “ಸೋಮಾರಿ, ತಿಂದು ತಿಂದು ಮಲಗ್ತಾನೆ” ಎನ್ನುತ್ತಾರೆ. ಇನ್ನೊಬ್ಬರು, “ಪಾಪ, ಅವನ ಕೈಲಿ ಏನೂ ಆಗಲ್ಲ” ಎಂದು ಲೋಟ ಕೂಡ ಎತ್ತಗೊಡುವುದಿಲ್ಲ. ಬೈಗುಳ ಬೇಡ. ಆದರೆ ಎರಡನೆಯ ಪ್ರೀತಿಯನ್ನು ಕಂಡರೆ ನನಗೆ ಹೆಚ್ಚು ಭಯ. ಬೈಸಿಕೊಂಡವನು ಸಿಟ್ಟಿಗಾದರೂ ಏಳಬಹುದು.

ಒಬ್ಬ ಸೊಸೆ ಆಸ್ಪತ್ರೆಯಿಂದ ಮನೆಗೆ ಹೋದಳು. ಎರಡು ಮಕ್ಕಳ ತಾಯಿ. ಚೆನ್ನಾಗಿ ಅಡುಗೆ ಮಾಡುತ್ತಿದ್ದವಳು. ಅತ್ತೆ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. “ಗ್ಯಾಸ್ ಹಚ್ಚಿಬಿಟ್ಟು ಮರೆತರೆ ಏನು ಗತಿ ಮೇಡಂ? ಮನೇಲಿ ಮಕ್ಕಳಿದಾವೆ” ಎಂದರು. ಆ ಭಯ ಸುಳ್ಳಲ್ಲ. ಒಂದು ಸಲ ಹಾಗೆ ಆಗಿತ್ತು ಕೂಡ. ಆದರೆ ಅಡುಗೆಮನೆ ಕೈತಪ್ಪಿದ ಸೊಸೆಗೆ ಆ ಮನೆಯಲ್ಲಿ ಕೂರಲು ಜಾಗ ಎಲ್ಲಿ? ನಡುಮನೆಯ ಮೂಲೆ. ಗೋಡೆ. ಮತ್ತೆ ಅದೇ ಹೊತ್ತು ಹೋಗದ ಹಗಲು.

ಅತ್ತೆಯನ್ನೂ ಸೊಸೆಯನ್ನೂ ಒಟ್ಟಿಗೆ ಕೂರಿಸಿಕೊಂಡು ಮೆಟ್ಟಿಲು ಮಾಡಿದೆವು. ಮೊದಲು ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು. ಆಮೇಲೆ ಕಾಯಿ ತುರಿಯುವುದು. ಮೂರನೆಯ ವಾರ ಒಲೆ, ಅತ್ತೆ ಪಕ್ಕದಲ್ಲಿ ನಿಂತಾಗ ಮಾತ್ರ. ಮರೆವಿಗೆ ಒಂದು ಉಪಾಯ ಬೇಕಿತ್ತು. ಒಲೆಯ ಮೇಲಿನ ಗೋಡೆಯಲ್ಲಿ ಲೈಟರ್ ನೇತುಹಾಕುವ ಮೊಳೆ ಇತ್ತು. ಒಂದು ನಿಯಮ ಮಾಡಿದೆವು. ಒಲೆ ಹಚ್ಚಿದರೆ ಲೈಟರ್ ಎಡಗೈ ಪಕ್ಕದ ಕಟ್ಟೆಯ ಮೇಲೇ ಇರಬೇಕು. ಒಲೆ ಆರಿಸಿದ ಮೇಲೆಯೇ ಅದು ಮೊಳೆಗೆ ಹೋಗಬೇಕು. ಮೊಳೆಯಲ್ಲಿ ಲೈಟರ್ ಇದೆ ಎಂದರೆ ಒಲೆ ಆರಿದೆ. ಅತ್ತೆ ನಡುಮನೆಯಿಂದಲೇ ಒಮ್ಮೆ ಕತ್ತು ಚಾಚಿ ಮೊಳೆ ನೋಡಿದರೆ ಸಾಕು. ಎದ್ದು ಬರಬೇಕಿಲ್ಲ, “ಆರಿಸಿದೆಯಾ?” ಎಂದು ಹತ್ತು ಸಲ ಕೇಳಬೇಕಿಲ್ಲ. ಸೊಸೆಗೂ ಹತ್ತು ಸಲ ಕೇಳಿಸಿಕೊಳ್ಳುವ ಅವಮಾನವಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಮಾತ್ರೆಯಿಂದ ಅವಳ ಕೈ ಸ್ವಲ್ಪ ನಡುಗುತ್ತಿತ್ತು. ಕಾಫಿ ತಂದುಕೊಟ್ಟರೆ ಬಸಿಗೆ ಚೆಲ್ಲುತ್ತಿತ್ತು. ಬಂದ ನೆಂಟರ ಕಣ್ಣು ಕೈ ಮೇಲೆಯೇ. ಲೋಟಕ್ಕೆ ಮುಕ್ಕಾಲು ಮಾತ್ರ ಸುರಿ, ತಟ್ಟೆಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿ ಎಂದೆವು. ನಡುಕದ ವಿಷಯ ಡಾಕ್ಟರರಿಗೂ ತಿಳಿಸಿದೆವು. ಮಾತ್ರೆಯ ಪ್ರಮಾಣ ಬದಲಿಸುವುದು ಅವರ ಕೆಲಸ, ನನ್ನದಲ್ಲ. ಮುಕ್ಕಾಲು ಲೋಟ ನನ್ನ ಕೆಲಸ.

ಮನೆಯಲ್ಲಿ ಇಂಥವರು ಇದ್ದರೆ ನೀವು ಮಾಡಬಹುದಾದದ್ದು ದೊಡ್ಡದೇನಲ್ಲ. ದಿನಕ್ಕೆ ಒಂದು ಕೆಲಸ, ಅದೇ ಹೊತ್ತಿಗೆ, ಅವರ ಹೆಸರಿಗೇ ಬಿಟ್ಟದ್ದು. ಹಾಲು ತರುವುದು, ಗಿಡಕ್ಕೆ ನೀರು, ಹಸುವಿಗೆ ಹುಲ್ಲು, ಏನಾದರೂ ಸರಿ. ಅವರು ಒಂದು ದಿನ ಮಾಡದಿದ್ದರೆ ನೀವು ಮಾಡಿಬಿಡಬೇಡಿ. ಗಿಡ ಒಂದು ದಿನ ಬಾಡಲಿ.

ಮನೆಯ ಮಾತು ಮುಗಿಯಿತು. ಹೊರಗೆ ಸಂಬಳದ ಕೆಲಸದ ಮಾತು ಉಳಿದಿದೆ. ಗಡಿಯಾರ ನನ್ನನ್ನು ನೋಡುತ್ತಿದೆ, ಚುಟುಕಾಗಿ ಹೇಳುತ್ತೇನೆ.

ಮೊದಲೆಲ್ಲ ನಾವು, ಪೂರ್ತಿ ಗುಣವಾಗಲಿ, ತರಬೇತಿ ಮುಗಿಯಲಿ, ಆಮೇಲೆ ಕೆಲಸ ಹುಡುಕೋಣ ಎನ್ನುತ್ತಿದ್ದೆವು. ಆ ‘ಆಮೇಲೆ’ ಬಹಳ ಜನಕ್ಕೆ ಬರಲೇ ಇಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಕೆಲವರು ಇದನ್ನು ತಿರುಗಿಸಿ ನೋಡಿದರು. ಬೇಕು ಎಂದವರಿಗೆ ಮೊದಲು ಕೆಲಸ ಹುಡುಕಿ ಕೊಡಿ, ಅಲ್ಲಿಯೇ ಪಕ್ಕದಲ್ಲಿ ನಿಂತು ಕಲಿಸಿ ಎಂದರು. ಹಲವು ದೇಶಗಳಲ್ಲಿ ಹೋಲಿಸಿ ನೋಡಿದಾಗ, ಹಳೆಯ ಕ್ರಮಕ್ಕಿಂತ ಸುಮಾರು ಎರಡು ಪಟ್ಟು ಜನರಿಗೆ ಹೊರಗಿನ ಸಾಧಾರಣ ಕೆಲಸ ಸಿಕ್ಕಿತು. ನಮ್ಮಲ್ಲಿ ಇದನ್ನು ಹಾಗೇ ತಂದು ನೆಡಲಾಗದು. ಆದರೆ ಮಾವನ ಕಿರಾಣಿ ಅಂಗಡಿ, ಪರಿಚಯದವರ ಗ್ಯಾರೇಜು, ನರ್ಸರಿ, ಇವೆಲ್ಲ ನಮ್ಮಲ್ಲಿ ಇವೆ. ಅಲ್ಲಿ ಕೇಳಬೇಕಾದ್ದು ಸಣ್ಣ ಅನುಕೂಲ. ರಾತ್ರಿ ಮಾತ್ರೆ ತಗೊಂಡವರಿಗೆ ಬೆಳಿಗ್ಗೆ ಜೋಂಪು ಇರುತ್ತದೆ. ಎಂಟಕ್ಕೆ ಬದಲು ಹತ್ತಕ್ಕೆ ಬರಲಿ ಎಂದರೆ ಎಷ್ಟೋ ಕೆಲಸ ಉಳಿಯುತ್ತದೆ. ಕೆಲಸ ಬಿಟ್ಟ ಕಾರಣ ಹುಡುಕಿಕೊಂಡು ಹೋದರೆ, ನನ್ನ ಅನುಭವದಲ್ಲಿ, ಕಾಯಿಲೆಗಿಂತ ಹೆಚ್ಚಾಗಿ ಸಿಕ್ಕಿದ್ದು ತಪ್ಪಿಹೋದ ಬೆಳಗಿನ ಬಸ್ಸು. ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಇರುವ ಶೇಕಡ 4ರ ಮೀಸಲಾತಿಯಲ್ಲಿ ಮಾನಸಿಕ ಕಾಯಿಲೆಯವರಿರುವ ಗುಂಪಿಗೂ ಪಾಲಿದೆ. 2016ರ ಕಾಯಿದೆಯಲ್ಲಿ ಅದು ಬಂದಿದೆ. ಅರ್ಹತೆ ಇದ್ದವರು ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಕೊನೆಗೆ, ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರವನ್ನು ವಿಚಾರಿಸಿ. ಚೇತರಿಸಿಕೊಳ್ಳುತ್ತಿರುವವರು ಹಗಲು ಹೋಗಿ ಬರಲು ಮಾನಸಧಾರ ಎಂಬ ಕೇಂದ್ರಗಳಿವೆ. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಫೋನಿನಲ್ಲಿ ಮಾತಾಡಬೇಕಾದರೆ ಟೆಲಿ ಮಾನಸ್ ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಪೆನ್ನು ತಗೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳುತ್ತೇನೆ. 14416.

ಆ ಹುಡುಗನ ವಿಷಯ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಅವನು ಹೂ ಕಟ್ಟಲಿಲ್ಲ. ಹೆಂಗಸರ ಕೆಲಸ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡ. ಆದರೆ ನಾರು ನೆನೆಸುವ ಬಕೆಟ್ಟಿಗೆ ನೀರು ತಂದ. ಮಾರನೆಯ ದಿನ ಕೇಳದೆ ತಂದ. ಅದಾದ ಮೇಲೆ ಪ್ರತಿದಿನ ಒಂಬತ್ತೂವರೆಗೆ ನಮ್ಮ ಕೋಣೆಯ ಹೊರಗಿನ ನಲ್ಲಿಯಲ್ಲಿ ಬಕೆಟ್ಟು ತುಂಬುವ ಸದ್ದು ಕೇಳುತ್ತಿತ್ತು.